ಎಝಡ್-1, ಬೀಟ್, ಕ್ಯಾಪುಚಿನೊ: ಯಾವ ಭಾಗ ಸಿಗುವುದಿಲ್ಲ ಎಂದು ನೋಡಿ ಕಾರು ಆರಿಸಿ

1990ರ ದಶಕದ ಪುಟ್ಟ ಎರಡು ಸೀಟಿನ ಕಾರು ಆಟೋಝಾಮ್ ಎಝಡ್-1ರ ಇಂಜಿನ್ ಕೈಕೊಟ್ಟರೆ ಜಪಾನಿನ ಗುಜರಿಯಲ್ಲಿ ಇನ್ನೊಂದು ಸಿಗುತ್ತದೆ. ಅದೇ ಕಾರಿನ ಬಾಗಿಲ ಗಾಜು ಒಡೆದರೆ ತಿಂಗಳುಗಟ್ಟಲೆ ಹುಡುಕಬೇಕು. ಹೋಂಡಾ ಬೀಟ್‌ನ ಕತೆ ತಿರುವುಮುರುವು: ಬಾಡಿ ಹೇಗೋ ರಿಪೇರಿಯಾಗುತ್ತದೆ, ತಲೆನೋವು ಕೊಡುವುದು ಇಂಜಿನ್ನಿನ ಸುತ್ತಲಿನ ಎಲೆಕ್ಟ್ರಾನಿಕ್ಸ್. ಸುಝುಕಿ ಕ್ಯಾಪುಚಿನೊದಲ್ಲಿ ಇಂಜಿನ್ನೂ ಗಟ್ಟಿ, ಗಾಜೂ ಪರವಾಗಿಲ್ಲ, ಆದರೆ ಕಾರ್ಪೆಟ್ ಎತ್ತಿದರೆ ಕೆಳಗೆ ತಗಡೇ ಉಳಿದಿರುವುದಿಲ್ಲ. ಮೂರರಲ್ಲಿ ಯಾವುದು ಚೆಂದ ಎಂದು ಕೇಳಿದರೆ ಉತ್ತರ ಅವರವರ ಕಣ್ಣಿಗೆ ಬಿಟ್ಟದ್ದು. ಯಾವುದರ ಯಾವ ಭಾಗ ಸಿಗುವುದಿಲ್ಲ ಎಂದು ಕೇಳಿದರೆ ಮಾತ್ರ ಕೊಳ್ಳುವವನಿಗೆ ದಾರಿ ಕಾಣುತ್ತದೆ.

ಈ ಮೂರನ್ನೂ ಸೇರಿಸಿ ಜಪಾನಿನ ಜನ 'ಎ-ಬಿ-ಸಿ' ಎನ್ನುತ್ತಾರೆ, ಹೆಸರಿನ ಮೊದಲ ಅಕ್ಷರಗಳಿಂದ. ಮೂರೂ ಕೇ ಕಾರುಗಳು, ಅಂದರೆ ಜಪಾನಿನ ಕಾನೂನು ಅಳತೆ ಗೊತ್ತುಮಾಡಿದ ಪುಟ್ಟ ಕಾರುಗಳ ವರ್ಗ. 1990ರಲ್ಲಿ ಬದಲಾದ ಕೇ ನಿಯಮದ ಪ್ರಕಾರ ಉದ್ದ 3.3 ಮೀಟರ್, ಅಗಲ 1.4 ಮೀಟರ್, ಇಂಜಿನ್ 660 ಸಿಸಿ ದಾಟುವಂತಿರಲಿಲ್ಲ. ಶಕ್ತಿಯ ಮಿತಿ ಕಾನೂನಿನಲ್ಲಿ ಇರಲಿಲ್ಲ. 1987ರಲ್ಲಿ ಸುಝುಕಿ ಆಲ್ಟೊ ವರ್ಕ್ಸ್ 64 ಪಿಎಸ್ (ಅಶ್ವಶಕ್ತಿಯ ಅಳತೆ) ಮುಟ್ಟಿದ ಮೇಲೆ ಕಂಪನಿಗಳೇ ಆ ಅಂಕಿಯನ್ನು ಗೆರೆ ಎಂದು ಒಪ್ಪಿಕೊಂಡವು. ಹಾಗಾಗಿ ಮೂರರ ಕಾಗದದ ಮೇಲೂ 64 ಪಿಎಸ್ ಎಂದೇ ಇರುತ್ತದೆ. ಆ ಒಂದೇ ಅಂಕಿಯನ್ನು ಮೂರೂ ಬೇರೆ ಬೇರೆ ದಾರಿಯಲ್ಲಿ ಮುಟ್ಟುತ್ತವೆ, ಓಡಿಸುವಾಗಿನ ವ್ಯತ್ಯಾಸ ಅಲ್ಲಿಂದ ಶುರು.

ಎರಡೇ ವರ್ಷ ಬಾಳಿದ ಕೂಪೆ

1989ರ ಟೋಕಿಯೊ ಮೋಟಾರ್ ಶೋದಲ್ಲಿ ಮಝ್ದಾ ಕಂಪನಿ ಎಝಡ್-550 ಸ್ಪೋರ್ಟ್ಸ್ ಎಂಬ ಹೆಸರಿನಲ್ಲಿ ಮೂರು ಮಾದರಿಗಳನ್ನು ಇಟ್ಟಿತ್ತು: ಎ, ಬಿ, ಸಿ. ರೆಕ್ಕೆಯಂತೆ ಮೇಲಕ್ಕೆ ತೆರೆಯುವ ಬಾಗಿಲು ಮತ್ತು ಎದ್ದು ನಿಲ್ಲುವ ಹೆಡ್‌ಲೈಟ್ ಇದ್ದ 'ಎ' ಮಾದರಿಯನ್ನು ಜನ ಮೆಚ್ಚಿಕೊಂಡರು, ಅದೇ ಕಾರ್ಖಾನೆಗೆ ಹೋಯಿತು. ಹೆಡ್‌ಲೈಟ್ ಸ್ಥಿರವಾಯಿತು, ರೆಕ್ಕೆ ಬಾಗಿಲು ಉಳಿಯಿತು. ಯೋಜನೆಯ ಹೊಣೆ ಹೊತ್ತವರು ತೊಶಿಹಿಕೊ ಹಿರಾಯ್, ಎಂಎಕ್ಸ್-5 ರೋಡ್‌ಸ್ಟರ್ ಕಾರನ್ನು ಕೊಟ್ಟವರೂ ಅವರೇ. ಕಾರು 1992ರ ಶರತ್ಕಾಲದಲ್ಲಿ ಮಾರುಕಟ್ಟೆಗೆ ಬಂತು. ಬೆಲೆ 14.98 ಲಕ್ಷ ಯೆನ್.

ಬಂದ ಹೊತ್ತು ಸರಿಯಿರಲಿಲ್ಲ. ಟೋಕಿಯೊದ ನಿಕ್ಕೇ ಸೂಚ್ಯಂಕ 1989ರ ಡಿಸೆಂಬರ್ ಕೊನೆಯಲ್ಲಿ ತುದಿ ಮುಟ್ಟಿ ಇಳಿಯತೊಡಗಿತ್ತು. ಜನ ಖರ್ಚು ಹಿಡಿಯುತ್ತಿದ್ದ ಕಾಲಕ್ಕೆ, ಸೂಟ್‌ಕೇಸ್ ಇಡಲು ಜಾಗವಿಲ್ಲದ ಎರಡು ಸೀಟಿನ ಕಾರು ಬಂದು ನಿಂತಿತು. ಬೀಟ್ 13.88 ಲಕ್ಷ ಯೆನ್‌ಗೂ ಕ್ಯಾಪುಚಿನೊ 14.58 ಲಕ್ಷಕ್ಕೂ ಒಂದು ವರ್ಷ ಮೊದಲೇ ಅಂಗಡಿಗೆ ಬಂದಿದ್ದವು, ಕೊಳ್ಳಬೇಕೆಂದಿದ್ದವರು ಆಗಲೇ ಕೊಂಡಿದ್ದರು. ಮಝ್ದಾ ತಾನೇ ಐದು ಮಾರಾಟ ಜಾಲಗಳನ್ನು ಹರಡಿಕೊಂಡು ಸುಸ್ತಾಗಿತ್ತು, ಆಟೋಝಾಮ್ ಅವುಗಳಲ್ಲಿ ಒಂದು. 1994ರ ಹೊತ್ತಿಗೆ ತಯಾರಿಕೆ ನಿಂತೇ ಹೋಯಿತು. ಒಟ್ಟು 4,392 ಎಝಡ್-1 ಹೊರಬಂದವು. ಇಂಜಿನ್ ಕೊಟ್ಟಿದ್ದ ಸುಝುಕಿ ಅದೇ ಕಾರನ್ನು ಕಾರಾ ಎಂಬ ಹೆಸರಿನಲ್ಲಿ 1993ರಿಂದ ಮಾರಿತು, ಅದು 531 ಮಾತ್ರ. ಬೀಟ್ 33 ಸಾವಿರಕ್ಕೂ, ಕ್ಯಾಪುಚಿನೊ 26 ಸಾವಿರಕ್ಕೂ ಹೆಚ್ಚು ತಯಾರಾದವು. ಇವತ್ತಿನ ಬೆಲೆ, ಸ್ಪೇರ್ ಪಾರ್ಟ್ಸ್, ವಿಮೆ ಎಲ್ಲದರ ಬೇರು ಈ ಅಂಕಿಗಳಲ್ಲೇ ಇದೆ.

ಕಾರಿನ ಒಳಗಿನ ರಚನೆ ಕೊಳ್ಳುವವನು ತಿಳಿದಿರಲೇಬೇಕಾದದ್ದು. ಭಾರ ಹೊರುವುದು ಒಳಗಿನ ಉಕ್ಕಿನ ಹಂದರ. ಹೊರಗೆ ಕಾಣುವ ಬಾನೆಟ್, ಮಡ್‌ಗಾರ್ಡ್‌ಗಳೆಲ್ಲ ಫೈಬರ್, ಅವುಗಳನ್ನು ಬಿಚ್ಚಿಟ್ಟರೂ ಕಾರು ಓಡುತ್ತದೆ. ಸೀಟಿನ ಹಿಂದೆ ಅಡ್ಡವಾಗಿ ಕೂತಿರುವುದು ಆಲ್ಟೊ ವರ್ಕ್ಸ್‌ನ ಎಫ್6ಎ ಇಂಜಿನ್: ಮೂರು ಸಿಲಿಂಡರ್, 657 ಸಿಸಿ, ಟರ್ಬೊ, 6,500 ಆರ್‌ಪಿಎಂನಲ್ಲಿ 64 ಪಿಎಸ್, 4,000ದಲ್ಲಿ 8.7 ಕೆಜಿ-ಮೀಟರ್ ಟಾರ್ಕ್ (ತಿರುಗಿಸುವ ಬಲ). ಗೇರ್ ಐದು, ಆಟೊಮ್ಯಾಟಿಕ್ ಇಲ್ಲವೇ ಇಲ್ಲ. ತೂಕ 720 ಕೆಜಿ, ಎತ್ತರ 1,150 ಮಿಮೀ. ಅಂದರೆ ನಿಂತವರ ಎದೆಯವರೆಗೂ ಬರುವುದಿಲ್ಲ.

ಎಫ್ ಸರಣಿಯ ಈ ಇಂಜಿನ್ ಕನ್ನಡಿಗರಿಗೆ ದೂರದ ನೆಂಟ. ಮಾರುತಿ 800 ಕಾರಿನ 796 ಸಿಸಿ ಎಫ್8ಬಿ ಇದೇ ಮನೆತನದ್ದು. ಮಾರುತಿಯಲ್ಲಿ ಬೋರ್ (ಸಿಲಿಂಡರಿನ ಅಗಲ) 68.5 ಮಿಮೀ, ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 72, ಇಲ್ಲಿ 65 ಮತ್ತು 66. ಹೆಡ್, ಪಿಸ್ಟನ್, ಟರ್ಬೊ ಎಲ್ಲ ಬೇರೆ, ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಆದರೂ ಮಾರುತಿ ಬಿಚ್ಚಿ ಜೋಡಿಸಿ ಕೈ ಪಳಗಿದ ಮೆಕ್ಯಾನಿಕ್‌ಗೆ ಈ ಇಂಜಿನ್ ಅಪರಿಚಿತ ಅನ್ನಿಸುವುದಿಲ್ಲ.

ಎಝಡ್-1 ನೋಡಲು ಹೋದಾಗ

ಮೊದಲು ಬಾಗಿಲು, ಆಮೇಲೆ ಇಂಜಿನ್. ಬಾಗಿಲು ನೆತ್ತಿಯ ನಡುಗಂಬಕ್ಕೆ ಕೀಲು ಹಾಕಿ ನೇತಾಡುತ್ತದೆ, ಎತ್ತಿ ಹಿಡಿಯುವುದು ಗ್ಯಾಸ್ ಸ್ಟ್ರಟ್, ಅಂದರೆ ಅನಿಲ ತುಂಬಿದ ಊರುಗೋಲು. ಕಾರು ತಣ್ಣಗಿರುವಾಗ, ಸಾಧ್ಯವಾದರೆ ಬೆಳಗಿನ ಹೊತ್ತು ಹೋಗಿ. ಬಾಗಿಲನ್ನು ಅರ್ಧ ಎತ್ತರಕ್ಕೆ ತಂದು ಮೆಲ್ಲಗೆ ಕೈ ಸಡಿಲಿಸಿ, ಇನ್ನೊಂದು ಕೈ ಕೆಳಗೇ ಇರಲಿ. ತಾನಾಗಿ ಮೇಲೇರಿದರೆ ಸ್ಟ್ರಟ್ ಚೆನ್ನಾಗಿದೆ. ಅಲ್ಲೇ ನಿಂತರೆ ಆಯಸ್ಸು ಮುಗಿಯುತ್ತಿದೆ. ಕೆಳಗೆ ಬಂದರೆ ತಲೆಗೆ ಬಡಿಯುವ ದಿನ ದೂರವಿಲ್ಲ. ಚಳಿಯಲ್ಲಿ ಸಿಲಿಂಡರಿನೊಳಗಿನ ಅನಿಲದ ಒತ್ತಡ ಇಳಿಯುತ್ತದೆ, ಮಧ್ಯಾಹ್ನದ ಬಿಸಿಲಲ್ಲಿ ಪಾಸಾದ ಸ್ಟ್ರಟ್ ಜನವರಿಯ ಬೆಳಿಗ್ಗೆ ಸೋಲುವುದು ಇದಕ್ಕೇ. ಸ್ಟ್ರಟ್ ಬದಲಿಸುವುದು ದೊಡ್ಡ ಕೆಲಸವಲ್ಲ. ಅದರ ಮೈಮೇಲೆ ನ್ಯೂಟನ್ ಲೆಕ್ಕದಲ್ಲಿ ಬಲ ಅಚ್ಚಾಗಿರುತ್ತದೆ, ಆ ಅಂಕಿ, ಪೂರ್ತಿ ಚಾಚಿದಾಗಿನ ಉದ್ದ, ಒಳಗೆ ಹೋಗುವ ಅಳತೆ, ತುದಿಯ ಗುಂಡಿನ ಗಾತ್ರ ಈ ನಾಲ್ಕನ್ನು ಬರೆದುಕೊಂಡರೆ ಅದೇ ಅಳತೆಯದು ಮಾಡಿಸಬಹುದು. ಬಲ ಜಾಸ್ತಿ ಇರುವುದನ್ನು ಹಾಕಿದರೆ ಕೀಲಿನ ಬುಡಕ್ಕೆ ಪೆಟ್ಟು, ಆಸೆಗೆ ಬಿದ್ದು ಹಾಕಬೇಡಿ.

ಗಾಜಿನದ್ದು ಬೇರೆಯೇ ಮಾತು. ಬಾಗಿಲಿನ ಗಾಜು ಪಕ್ಕದಿಂದ ನೆತ್ತಿಯವರೆಗೂ ಆವರಿಸುತ್ತದೆ, ಹಿಂದಿನ ಗಾಜೂ ಈ ಕಾರಿಗೆ ಮಾತ್ರ ಮಾಡಿದ್ದು. ತೆರೆಯುವುದು ಟೋಲ್ ಚೀಟಿ ಈಸಿಕೊಳ್ಳುವಷ್ಟು ಸಣ್ಣ ಕಿಂಡಿ ಮಾತ್ರ. ಪ್ರತಿ ಗಾಜಿನ ಅಂಚಿನಲ್ಲೂ ಉಗುರು ಆಡಿಸಿ. ಕೂದಲೆಳೆಯ ಬಿರುಕು ಕಣ್ಣಿಗೆ ಸಿಗದಿದ್ದರೂ ಉಗುರಿಗೆ ಸಿಗುತ್ತದೆ. ಬಿರುಕು ಇದ್ದರೆ, ಅದೇ ಗಾಜು ಕೈಯಲ್ಲಿ ಸಿಗುವ ತನಕ ಆ ಕಾರಿಗೆ ಮುಂಗಡ ಕೊಡಬೇಡಿ.

ಆಮೇಲೆ ನೀರು. ಪೈಪು ಹಿಡಿದು ನೆತ್ತಿಯ ಮೇಲೆ ಹತ್ತು ನಿಮಿಷ ಸಣ್ಣಗೆ ನೀರು ಬಿಡಿ, ರಭಸ ಬೇಡ. ಒಳಗೆ ಕೂತವರು ಕೀಲಿನ ಹತ್ತಿರ, ಕಿಂಡಿಯ ಕೆಳಗೆ, ಸೀಟಿನ ಹೊರ ಅಂಚಿನಲ್ಲಿ ಒಣ ಬಟ್ಟೆ ಒತ್ತಿ ನೋಡಲಿ. ರಬ್ಬರ್ ಹಳತಾಗಿ ಗಟ್ಟಿಯಾಗಿದ್ದರೆ ತೇವ ಕಾಣುತ್ತದೆ. ಒಳಗೆ ಇಳಿದ ನೀರು ಫೈಬರಿನ ಹಿಂದಿನ ಉಕ್ಕಿಗೆ ಹೋಗುತ್ತದೆ, ಅಲ್ಲಿನ ತುಕ್ಕು ಹೊರಗೆ ಕಾಣುವುದೇ ಇಲ್ಲ. ಹೊರಗಿನ ಮಿಂಚು ನೋಡಿ ಕಾರು ಒಪ್ಪಿಕೊಂಡವರು ಹೆಚ್ಚು ಮೋಸಹೋಗುವುದು ಇಲ್ಲೇ. ಲಿಫ್ಟ್ ಮೇಲೆ ಎತ್ತಿಸಿ, ಚಕ್ರದ ಒಳಗಿನ ಫೈಬರ್ ಹಾಳೆಗಳನ್ನು ಬಿಚ್ಚಿಸಿ, ಸಸ್ಪೆನ್ಷನ್ ಸ್ಟ್ರಟ್ ಕೂರುವ ಜಾಗ ಮತ್ತು ಇಂಜಿನ್ ಹೊರುವ ಹಂದರ ನೋಡದೆ ದುಡ್ಡು ಕೊಡಬಾರದು.

ಇಂಜಿನ್ ಪರೀಕ್ಷೆ ಸರಳ. ಮೂರು ಸಿಲಿಂಡರಿನ ಕಂಪ್ರೆಷನ್ ಅಳೆಯಿರಿ, ಒಂದಕ್ಕೊಂದು ಚದರ ಸೆಂಟಿಮೀಟರಿಗೆ 1 ಕೆಜಿಗಿಂತ ಹೆಚ್ಚು ವ್ಯತ್ಯಾಸ ಬೇಡ. ಐದು ನಿಮಿಷ ಐಡಲ್‌ನಲ್ಲಿ ಬಿಟ್ಟು ಒಮ್ಮೆ ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ನೀಲಿ ಹೊಗೆ ಬಂದರೆ ಟರ್ಬೊ ಸೀಲ್ ಅಥವಾ ವಾಲ್ವ್ ಸೀಲ್ ಹೋಗಿದೆ ಎಂದರ್ಥ. ಟರ್ಬೊ ಕಾರಿಗೆ 3,000ದಿಂದ 5,000 ಕಿಮೀಗೊಮ್ಮೆ ಆಯಿಲ್ ಬದಲಿಸಿದ ದಾಖಲೆ ಇದ್ದರೆ ನೆಮ್ಮದಿ. ರೇಡಿಯೇಟರ್ ಮುಂದಿದೆ, ಇಂಜಿನ್ ಹಿಂದಿದೆ, ನಡುವೆ ಉದ್ದದ ಕೂಲಂಟ್ ಪೈಪುಗಳು ಓಡುತ್ತವೆ. ಆ ಪೈಪುಗಳಲ್ಲಿ ಗಾಳಿ ಸಿಕ್ಕಿಕೊಂಡರೆ ಬಿಸಿ ತೋರಿಸುವ ಮೀಟರ್ ಮುಳ್ಳು ಒಮ್ಮೆ ಏರಿ ಒಮ್ಮೆ ಇಳಿಯುತ್ತದೆ, ಹೆಡ್ ಗ್ಯಾಸ್ಕೆಟ್ ಸುಡುವ ಮೊದಲ ಸೂಚನೆ ಅದು. ಕಾರು ನಿಂತಲ್ಲೇ ಅರ್ಧ ಗಂಟೆ ಇಂಜಿನ್ ಓಡಿಸಿ, ಫ್ಯಾನ್ ಎರಡು ಸಲ ಹತ್ತಿ ಆರಬೇಕು, ಮುಳ್ಳು ನಿಂತಲ್ಲೇ ನಿಲ್ಲಬೇಕು.

ಓಡಿಸುವ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಸ್ಟೀರಿಂಗ್ ಈ ತುದಿಯಿಂದ ಆ ತುದಿಗೆ ಬರೀ 2.2 ಸುತ್ತು. ಭಾರ ಮುಂದೆ 44, ಹಿಂದೆ 56. ಚಕ್ರಗಳ ನಡುವಿನ ಅಂತರ 2,235 ಮಿಮೀ. ತಿರುವಿನ ನಡುವೆ ಹೆದರಿ ಆಕ್ಸಿಲರೇಟರ್ ಪಟ್ಟನೆ ಬಿಟ್ಟರೆ ಹಿಂಭಾಗ ತಿರುಗಿ ಮುಂದೆ ಬರುತ್ತದೆ, ಸರಿಪಡಿಸಿಕೊಳ್ಳಲು ಸಿಗುವ ಸಮಯ ಕಡಿಮೆ. 155/65 ಆರ್13 ಟೈರ್ ಹಳತಾಗಿ ಗಟ್ಟಿಯಾಗಿದ್ದರೆ ಇನ್ನೂ ಬೇಗ. ಟೈರಿನ ಪಕ್ಕದ ನಾಲ್ಕು ಅಂಕಿಗಳಲ್ಲಿ ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಕಚ್ಚು ಎಷ್ಟೇ ಉಳಿದಿರಲಿ, ಏಳೆಂಟು ವರ್ಷ ದಾಟಿದ್ದರೆ ತೆಗೆಸಿಬಿಡಿ. ಇಷ್ಟು ತಿಳಿದು ಓಡಿಸಿದವರಿಗೆ ಕೈಯ ಸಣ್ಣ ಚಲನೆಗೇ ಹೀಗೆ ಮೂಗು ತಿರುಗಿಸುವ ಕಾರು ಈ ಬೆಲೆಯಲ್ಲಿ ಇನ್ನೊಂದು ಇಲ್ಲ. ಆ ಗುಣಕ್ಕಾಗಿಯೇ ಇದನ್ನು ಕೊಳ್ಳಬೇಕು, ರೆಕ್ಕೆ ಬಾಗಿಲಿಗಾಗಿ ಮಾತ್ರ ಕೊಂಡರೆ ಆರು ತಿಂಗಳಿಗೆ ಬೇಸರ ಬರುತ್ತದೆ. ಬೇಸಿಗೆಯಲ್ಲಿ ಆ ಗಾಜಿನ ಗೂಡು ಕಾಯುತ್ತದೆ, ಏಸಿ ಕೆಟ್ಟಿದ್ದರೆ ಕೂರಲಾಗುವುದಿಲ್ಲ. ಆರಡಿ ಎತ್ತರದವರು ದುಡ್ಡಿನ ಮಾತು ಎತ್ತುವ ಮೊದಲು ಒಮ್ಮೆ ಕೂತು ಬಾಗಿಲು ಹಾಕಿಸಿ ನೋಡಲಿ, ಸೀಟಿನ ಬೆನ್ನು ಹಿಂದಕ್ಕೆ ವಾಲುವುದಿಲ್ಲ.

ಎಝಡ್-1 ಮತ್ತು ಕಾರಾ ನಡುವೆ ಯಾಂತ್ರಿಕವಾಗಿ ವ್ಯತ್ಯಾಸ ಇಲ್ಲವೆನ್ನಬಹುದು, ಮುಂದಿನ ಬಂಪರಿನ ಫಾಗ್ ಲ್ಯಾಂಪ್ ಮತ್ತು ಸುಝುಕಿಯ ಲಾಂಛನ ಬಿಟ್ಟರೆ. ಮಝ್ದಾದ್ದು ಪಿಜಿ6ಎಸ್‌ಎ, ಸುಝುಕಿಯದು ಪಿಜಿ6ಎಸ್‌ಎಸ್ ಎಂದು ಚಾಸಿ ಸಂಖ್ಯೆಯ ಮುಂದೆ ಇರುತ್ತದೆ. ಲಾಂಛನ ಬದಲಿಸುವುದು ಎಷ್ಟು ಹೊತ್ತಿನ ಕೆಲಸ? ಆದ್ದರಿಂದ ಕಾರಾ ಎಂದು ಹೆಚ್ಚು ಬೆಲೆ ಕೇಳಿದರೆ ಚಾಸಿ ಪಟ್ಟಿ ನೋಡಿ. ಮಝ್ದಾಸ್ಪೀಡ್ ಹೆಸರಿನ ಬಂಪರ್, ಬಾನೆಟ್, ಹಿಂದಿನ ರೆಕ್ಕೆ ಹಾಕಿದ ಕಾರುಗಳೂ ಬರುತ್ತವೆ. ಮೂಲ ಭಾಗಗಳನ್ನು ಜೊತೆಗೆ ಕೊಡದಿದ್ದರೆ ಆ ಲೆಕ್ಕಕ್ಕೆ ಬೆಲೆ ಇಳಿಸಿ ಕೇಳಿ. ಸಾಮಾನ್ಯ ಮಾದರಿಗೆ ಕಾರ್ಖಾನೆಯ ಬಣ್ಣ ಎರಡೇ, ಸೈಬೀರಿಯಾ ನೀಲಿ ಮತ್ತು ಕ್ಲಾಸಿಕ್ ಕೆಂಪು, ಎರಡಕ್ಕೂ ಕೆಳಭಾಗ ಬೂದು. ಬೇರೆ ಬಣ್ಣ ಕಂಡರೆ ಯಾಕೆ ಪೇಂಟ್ ಮಾಡಿಸಿದರು ಎಂದು ಕೇಳುವುದು ನಿಮ್ಮ ಹಕ್ಕು.

ಬೀಟ್: ಟರ್ಬೊ ಇಲ್ಲದ 64

ಹೋಂಡಾ 1991ರ ಮೇ ತಿಂಗಳಲ್ಲಿ ಬೀಟ್ ತಂದಿತು, 1996ರಲ್ಲಿ ನಿಲ್ಲಿಸಿತು. 656 ಸಿಸಿಯ ಇ07ಎ ಇಂಜಿನ್ ಇದರಲ್ಲೂ ಸೀಟಿನ ಹಿಂದೆಯೇ ಇದೆ. ಟರ್ಬೊ ಇಲ್ಲ, ಪ್ರತಿ ಸಿಲಿಂಡರಿಗೆ ಪ್ರತ್ಯೇಕ ಥ್ರಾಟಲ್ (ಗಾಳಿ ಬಿಡುವ ಕವಾಟ). 64 ಪಿಎಸ್ ಸಿಗುವುದು 8,100 ಆರ್‌ಪಿಎಂನಲ್ಲಿ, ಟಾರ್ಕ್ 6.1 ಕೆಜಿ-ಮೀಟರ್ ಮಾತ್ರ, ಅದೂ 7,000ದಲ್ಲಿ. ತೂಕ 760 ಕೆಜಿ. ಅಂಕಿಗಳಲ್ಲಿ ಮೂರರಲ್ಲಿ ನಿಧಾನದ್ದು ಇದೇ. ಆದರೆ ಊರೊಳಗೆ ಓಡಿಸಲು ಅತ್ಯಂತ ಸುಲಭವಾದದ್ದೂ ಇದೇ: ಗೇರ್ ಲಿವರ್ ಬೆರಳಲ್ಲಿ ಸರಿಯುತ್ತದೆ, ಮೇಲ್ಛಾವಣಿ ಬಟ್ಟೆಯದು, ಕೂತಲ್ಲಿಂದಲೇ ಹಿಂದಕ್ಕೆ ಮಡಚಬಹುದು. ಮೊದಲ ಸಲ ಇಂಥ ಕಾರು ಕೊಳ್ಳುವವರಿಗೆ ಬೀಟ್ ಸಾಕು, ಬೇಕಾದದ್ದೂ ಅದೇ.

ಇದರ ದೊಡ್ಡ ರೋಗ ಇಸಿಯು, ಅಂದರೆ ಇಂಜಿನ್ ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ. ಒಳಗಿನ ಬೋರ್ಡಿನ ಕೆಪಾಸಿಟರ್‌ಗಳು ವಯಸ್ಸಾಗಿ ಸೋರುತ್ತವೆ, ಸೋರಿದ ರಸ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಲಕ್ಷಣಗಳು: ಬಿಸಿಯಾದ ಮೇಲೆ ತಡವರಿಸುವುದು, ಕಾರಣವಿಲ್ಲದೆ ಎಚ್ಚರಿಕೆ ದೀಪ ಹತ್ತುವುದು, ಐಡಲ್ ಏರಿಳಿಯುವುದು. ಪೆಟ್ಟಿಗೆ ತೆರೆದು ನೋಡಿದರೆ ಕೆಪಾಸಿಟರ್ ಬುಡದಲ್ಲಿ ಕಂದು ಕಲೆ, ಮೀನಿನಂಥ ವಾಸನೆ. ಸೋರುವ ಮೊದಲೇ ಬದಲಿಸಿದರೆ ಕೆಲವೇ ಕೆಪಾಸಿಟರಿನ ಖರ್ಚು, ಗೆರೆ ತಿಂದ ಮೇಲೆ ಬೋರ್ಡನ್ನೇ ದುರಸ್ತಿಗೆ ಕಳಿಸಬೇಕು. 'ಇಸಿಯು ಯಾವಾಗ ಮಾಡಿಸಿದ್ದೀರಿ' ಎಂಬುದು ಬೀಟ್ ಮಾರುವವರಿಗೆ ಕೇಳಬೇಕಾದ ಮೊದಲ ಪ್ರಶ್ನೆ. ಮೇನ್ ರಿಲೇಯ ಬೆಸುಗೆ ಬಿರಿದರೆ ಬಿಸಿ ಇಂಜಿನ್ ಮತ್ತೆ ಸ್ಟಾರ್ಟ್ ಆಗುವುದಿಲ್ಲ, ಡಿಸ್ಟ್ರಿಬ್ಯೂಟರ್ ಕೂಡ ಇದೇ ಕಾಟ ಕೊಡುತ್ತದೆ. ಟೈಮಿಂಗ್ ಬೆಲ್ಟನ್ನು 1 ಲಕ್ಷ ಕಿಮೀ ಅಥವಾ ಹತ್ತು ವರ್ಷ, ಯಾವುದು ಮೊದಲೋ ಅದಕ್ಕೆ ಬದಲಿಸಿ. ಜಾಗ ಇಕ್ಕಟ್ಟು, ಕೂಲಿಯೇ ಜಾಸ್ತಿ, ಹಾಗಾಗಿ ವಾಟರ್ ಪಂಪನ್ನೂ ಅದರ ಜೊತೆಗೇ ಹಾಕಿಸುವುದು ಲೇಸು.

ತುಕ್ಕು ಬಾಗಿಲ ಕೆಳಗಿನ ಪಟ್ಟಿಯಲ್ಲಿ, ಜಾಕ್ ಇಡುವ ಜಾಗದಲ್ಲಿ, ಹಿಂದಿನ ಚಕ್ರದ ಕಮಾನಿನಲ್ಲಿ. ಬಟ್ಟೆ ಛಾವಣಿಯ ಹಿಂದಿನ ಪ್ಲಾಸ್ಟಿಕ್ ಕಿಟಕಿ ಮಬ್ಬಾಗಿದ್ದರೆ ಮಡಚುವಾಗ ಸೀಳುತ್ತದೆ. ಟೈರ್ ಮುಂದೆ 155/65 ಆರ್13, ಹಿಂದೆ 165/60 ಆರ್14. ಹಿಂದಿನ ಅಳತೆಗೆ ಆಯ್ಕೆ ಕಡಿಮೆ, ಸಿಕ್ಕಾಗ ಜೋಡಿ ಕೊಂಡಿಡುವುದು ರೂಢಿ. ಒಂದು ಸಂತೋಷದ ಮಾತು: 2017ರಲ್ಲಿ ಹೋಂಡಾ ಬೀಟ್‌ನ ಕೆಲವು ಭಾಗಗಳನ್ನು ಮತ್ತೆ ತಯಾರಿಸಿ ಮಾರತೊಡಗಿತು.

ಕ್ಯಾಪುಚಿನೊ: ಎರಡು ಇಂಜಿನ್, ಒಂದೇ ಶತ್ರು

1991ರ ಕೊನೆಯಲ್ಲಿ ಬಂದ ಕ್ಯಾಪುಚಿನೊದಲ್ಲಿ ಇಂಜಿನ್ ಮುಂದೆ, ಎಳೆಯುವುದು ಹಿಂದಿನ ಚಕ್ರ. ಇಬ್ಬರು ಕೂತಾಗ ಭಾರ ಸರಿಸಮ. 1995ರ ತನಕದ್ದು ಇಎ11ಆರ್: ಎಝಡ್-1ರಲ್ಲಿರುವ ಎಫ್6ಎ ಇಂಜಿನ್, ಟೈಮಿಂಗ್ ಬೆಲ್ಟ್, 700 ಕೆಜಿ. ಆಮೇಲೆ 1998ರ ತನಕ ಇಎ21ಆರ್: ಪೂರ್ತಿ ಅಲ್ಯೂಮಿನಿಯಂನ ಕೆ6ಎ, ಬೆಲ್ಟ್ ಬದಲು ಚೈನ್, 690 ಕೆಜಿ, 3,500ರಲ್ಲೇ 10.5 ಕೆಜಿ-ಮೀಟರ್ ಟಾರ್ಕ್. ದಿನಾ ಓಡಿಸುವ ಆಲೋಚನೆ ಇದ್ದರೆ ಹೆಚ್ಚು ಕೊಟ್ಟಾದರೂ ಎರಡನೆಯದೇ ತೆಗೆದುಕೊಳ್ಳಿ, ಕೆಳ ಆರ್‌ಪಿಎಂನಲ್ಲಿ ಎಳೆಯುವ ಶಕ್ತಿ ಬೇರೆಯೇ. ಆಟೊಮ್ಯಾಟಿಕ್ ಸಿಗುವುದೂ ಅದರಲ್ಲಿ ಮಾತ್ರ. ಛಾವಣಿಯ ಮೂರು ತುಂಡುಗಳನ್ನು ಬಿಚ್ಚಿ ಡಿಕ್ಕಿಯಲ್ಲಿ ಇಟ್ಟರೆ ಡಿಕ್ಕಿ ಮುಗಿಯಿತು.

ಶತ್ರು ತುಕ್ಕು. ಛಾವಣಿಯ ನೀರು ಇಳಿಯುವ ಕೊಳವೆಗಳಲ್ಲಿ ಎಲೆ, ಮಣ್ಣು ಕಟ್ಟಿದರೆ ನೀರು ಬಾಗಿಲ ಕೆಳಗಿನ ಪೆಟ್ಟಿಗೆಯೊಳಗೆ ನಿಲ್ಲುತ್ತದೆ, ಒಳಗಿನಿಂದ ತಿನ್ನುತ್ತದೆ. ಹಿಂದಿನ ಚಕ್ರದ ಮುಂದೆ, ಪಟ್ಟಿ ಮುಗಿಯುವ ಜಾಗವನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ. ಗಟ್ಟಿ ತಗಡು 'ಟಣ್' ಎನ್ನುತ್ತದೆ, ಪುಟ್ಟಿ ತುಂಬಿದ್ದು ಮರದ ಹಲಗೆಯಂತೆ ಮಂದವಾಗಿ ಕೇಳುತ್ತದೆ.

ಫ್ರಿಜ್ಜಿಗೆ ಅಂಟಿಸುವ ಸಣ್ಣ ಅಯಸ್ಕಾಂತ ಜೇಬಲ್ಲಿ ಇರಲಿ, ಆದರೆ ಮೂರು ಕಾರಿಗೂ ಅದರ ಅರ್ಥ ಬೇರೆ. ಬೀಟ್‌ನ ಬಾಡಿ ಉಕ್ಕು, ಬಂಪರ್ ಬಿಟ್ಟು ಎಲ್ಲಿ ಅಂಟದಿದ್ದರೂ ಅಲ್ಲಿ ಪುಟ್ಟಿ ಇದೆ. ಕ್ಯಾಪುಚಿನೊದ ಬಾನೆಟ್ ಮತ್ತು ಛಾವಣಿ ಅಲ್ಯೂಮಿನಿಯಂ, ಅಲ್ಲಿ ಅಂಟದಿರುವುದು ಸಹಜ, ಬಾಗಿಲ ಕೆಳಪಟ್ಟಿಯಲ್ಲಿ ಅಂಟಲೇಬೇಕು. ಎಝಡ್-1ರ ಫೈಬರ್ ಮೇಲೆ ಅಂಟುವುದೇ ಇಲ್ಲ, ಅಯಸ್ಕಾಂತವನ್ನು ಕಾರಿನ ಅಡಿಗೆ ಒಯ್ಯಬೇಕು.

ಹರಾಜು ಚೀಟಿ ಮತ್ತು ಕಾಗದಪತ್ರ

ಇವುಗಳಲ್ಲಿ ಹೆಚ್ಚಿನವು ಜಪಾನಿನ ಹರಾಜಿನಿಂದಲೇ ಹೊರಬರುತ್ತವೆ. ಹರಾಜಿನ ಪರೀಕ್ಷಕರು ಬರೆಯುವ ಚೀಟಿಯಲ್ಲಿ ಕಾರಿನ ಚಿತ್ರದ ಮೇಲೆ ಅಕ್ಷರಗಳಿರುತ್ತವೆ: ಎಸ್ ಎಂದರೆ ತುಕ್ಕು, ಸಿ ಎಂದರೆ ತಿಂದುಹೋದದ್ದು, ಡಬ್ಲ್ಯೂ ಎಂದರೆ ರಿಪೇರಿ ಮಾಡಿದ ಅಲೆ, ಪಕ್ಕದ ಅಂಕಿ ಹೆಚ್ಚಿದಷ್ಟು ಕೆಟ್ಟದ್ದು. ಗ್ರೇಡಿನ ಜಾಗದಲ್ಲಿ ಆರ್ ಅಥವಾ ಆರ್‌ಎ ಇದ್ದರೆ ಅಪಘಾತದ ರಿಪೇರಿ ಆಗಿದೆ. ಎಝಡ್-1ರಲ್ಲಿ ಈ ಚೀಟಿಯನ್ನು ಪೂರ್ತಿ ನಂಬಬೇಡಿ. ಪರೀಕ್ಷಕರು ಫೈಬರನ್ನು ಬಿಚ್ಚಿ ನೋಡುವುದಿಲ್ಲ.

ಜಪಾನಿನಲ್ಲೇ ನೆಲೆಸಿ ಕೊಳ್ಳುವವರು ನೆನಪಿಡಿ, ಮೊದಲ ನೋಂದಣಿಯಿಂದ 13 ವರ್ಷ ದಾಟಿದ ಪೆಟ್ರೋಲ್ ಕೇ ಕಾರಿಗೆ ವಾರ್ಷಿಕ ತೆರಿಗೆ 12,900 ಯೆನ್. ಅಮೆರಿಕದಲ್ಲಿರುವ ಕನ್ನಡಿಗರಿಗೆ 25 ವರ್ಷ ದಾಟಿದ ಕಾರನ್ನು ಸುರಕ್ಷತಾ ನಿಯಮದ ತೊಡಕಿಲ್ಲದೆ ತರಬಹುದೆಂಬ ನಿಯಮ, ಮೂರೂ ಆ ಗೆರೆ ದಾಟಿವೆ. ಆದರೆ ಒಕ್ಕೂಟದ ಅನುಮತಿ ಬೇರೆ, ರಾಜ್ಯದ ನೋಂದಣಿ ಬೇರೆ. ಕೇ ವಾಹನಗಳಿಗೆ ನಂಬರ್ ಪ್ಲೇಟ್ ಕೊಡಲು ಒಪ್ಪದ ರಾಜ್ಯಗಳಿವೆ, ಹಡಗಿನ ಬಾಡಿಗೆ ಕಟ್ಟುವ ಮೊದಲು ನಿಮ್ಮ ರಾಜ್ಯದ ಕಚೇರಿಯಿಂದ ಬರಹದಲ್ಲಿ ಉತ್ತರ ತರಿಸಿಕೊಳ್ಳಿ. ಕೆನಡಾದಲ್ಲಿ 15 ವರ್ಷ ಸಾಕು. ಕರ್ನಾಟಕಕ್ಕೆ ತರುವ ಆಸೆಗೆ ಸದ್ಯ ದಾರಿಯಿಲ್ಲ. ಭಾರತದ ಆಮದು ನೀತಿ ಮೂರು ವರ್ಷಕ್ಕಿಂತ ಹಳೆಯ ಸೆಕೆಂಡ್ ಹ್ಯಾಂಡ್ ಕಾರನ್ನು ಒಳಗೆ ಬಿಡುವುದಿಲ್ಲ, ವಿಂಟೇಜ್ ಎನ್ನಿಸಿಕೊಳ್ಳುವಷ್ಟು ವಯಸ್ಸು ಇವಕ್ಕೆ ಆಗಿಲ್ಲ.

ಕಾರು ಮನೆಗೆ ಬಂದ ಮೊದಲ ವಾರ ದೂರ ಓಡಿಸಬೇಡಿ. ಆಯಿಲ್, ಆಯಿಲ್ ಫಿಲ್ಟರ್, ಕೂಲಂಟ್, ಬ್ರೇಕ್ ಆಯಿಲ್ ಎಲ್ಲವೂ ಹೊಸದಾಗಲಿ. ಬೆಲ್ಟಿನ ದಾಖಲೆ ಕೈಗೆ ಸಿಗದಿದ್ದರೆ ಬೆಲ್ಟ್ ಹಳೆಯದೆಂದೇ ಲೆಕ್ಕ. ಎಝಡ್-1 ಕೊಂಡವರು ವಿಮೆ ಮಾಡಿಸುವಾಗ ಗಾಜನ್ನು ಬೇರೆಯಾಗಿ ಬರೆಸಿ, ಕಾರಿನ ಬೆಲೆಯನ್ನು ಮೊದಲೇ ಒಪ್ಪಂದ ಮಾಡಿಕೊಳ್ಳಿ. ಮಾರುಕಟ್ಟೆ ದರ ಎಂದು ಬಿಟ್ಟರೆ, ಕಂಪನಿಯವರು ಮೂವತ್ತು ವರ್ಷದ 660 ಸಿಸಿ ಕಾರು ಎಂದಷ್ಟೇ ನೋಡಿ ಬೆಲೆ ಕಟ್ಟುತ್ತಾರೆ.